ಹೂವು, ನಾರು

ಭಾಂಡುಪದ ಗುಡ್ಡದ ಚಾಳಿಗೆ ಸಂಜೆ ಆರೂವರೆಗೆ
ಅಪ್ಪ ಬರುತ್ತಿದ್ದ, ಹುಬ್ಬಿನ ಮೇಲೂ ಹಿಟ್ಟು.
ಹಿಟ್ಟಲ್ಲ ಅದು. ನಾವು ಹಿಟ್ಟಪ್ಪ ಅನ್ನುತ್ತಿದ್ದೆವು,
ಅವನು ತಲೆ ಕೊಡವಿ ನಗಿಸುತ್ತಿದ್ದ.
ಇಳಕಲ್ಲಿನಲ್ಲಿ ರೇಷ್ಮೆ, ಪರೇಲಿನಲ್ಲಿ ಹತ್ತಿ,
ಮುಷ್ಕರದಲ್ಲಿ ಗಿರಣಿ ಮುಚ್ಚಿದ ಮೇಲೆ ಕಲ್ಲು:
ಮಲ್ಕಪ್ಪನ ಕೈಗೆ ಮಗ್ಗವೊಂದಿದ್ದರೆ ಸಾಕು,
ಏನು ನೇಯುತ್ತಿದ್ದೇನೆಂದು ಕೇಳಿದವನಲ್ಲ.

ಅವ್ವ ಅವನ ಖಾಕಿ ಅಂಗಿಯನ್ನು ಗ್ಯಾಲರಿಯ ಕಟ್ಟೆಗೆ
ಎರಡು ಸಲ ಬಡಿದು, ಒಂದು ಸಲ ಕೊಡವಿ
ಆಮೇಲೆ ಬಕೇಟಿಗೆ ಹಾಕುವಳು.
ನೀರಿನ ಲೆಕ್ಕ ಅದು.
ನಳ ಬರುವುದು ನಸುಕಿನ ನಾಲ್ಕೂವರೆಗೆ, ಮುಕ್ಕಾಲು ತಾಸು.
ಬಡಿದ ಧೂಳು ಇಳಿಬಿಸಿಲಲ್ಲಿ ಮಿನುಗುತ್ತ ನಿಲ್ಲುತ್ತಿತ್ತು,
ಬೇಗ ಕೆಳಗಿಳಿಯುತ್ತಿರಲಿಲ್ಲ.
ಪಕ್ಕದ ಪಾರ್ಕರ್ ಮಾವಶಿ ಹಪ್ಪಳದ ತಟ್ಟೆ ಎತ್ತಿಕೊಂಡು
"ಚಂದಾಬಾಯಿ, ಜರಾ ಹಳೂ" ಅನ್ನುವಳು.
ಆ ಧೂಳಿನ ಬಗ್ಗೆ ನಮಗೆ ಸಿಕ್ಕ ಎಚ್ಚರಿಕೆ
ಅದೊಂದೇ.

ಕಾರ್ಖಾನೆಯ ಖಾಲಿ ಚೀಲ ಎಂಟಾಣೆಗೊಂದು.
ಅವ್ವ ಅವನ್ನು ಬಿಚ್ಚಿ, ಹಳೆ ಸೀರೆ ಹೊದಿಸಿ ಕೌದಿ ಹೊಲಿದಳು,
ಸೂಜಿ ದಾಟದ ಕಡೆ ಹಲ್ಲಿನಿಂದ ಎಳೆದಳು.
ನಾವು ನಾಲ್ವರು ಅದರ ಮೇಲೆ ಮಲಗಿ ಬೆಳೆದೆವು.
ಬೆಚ್ಚಗಿತ್ತು. ಸುಳ್ಳೇಕೆ ಹೇಳಲಿ.

ಮುನಿಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಮಾಸ್ತರು ಗಾದೆ ಬರೆಸಿದರು:
ಹೂವಿನಿಂದ ನಾರೂ ಸ್ವರ್ಗ ಸೇರಿತು.
ನಾರು ಅಂದಾಗಲೇ ಅದನ್ನೂ ಹೇಳಿದರು:
ಕಲ್ಲು, ನಾರು ಕೂಡಿದರೆ ಕಲ್ನಾರು,
ಬೆಂಕಿಗೆ ಹಾಕಿದರೂ ಸುಡುವುದಿಲ್ಲ.
ನಾನು ಎದ್ದು ನಿಂತೆ. "ನಮ್ಮಪ್ಪ ಅದನ್ನೇ ನೇಯುತ್ತಾನೆ ಸರ್."
ಇಡೀ ತರಗತಿ ಚಪ್ಪಾಳೆ ತಟ್ಟಿತು.

ಅಪ್ಪ ಕೆಮ್ಮುತ್ತ ಕೆಮ್ಮುತ್ತ ಎಪ್ಪತ್ತು ದಾಟಿದ.
ಮೊದಲು ಬಿದ್ದವಳು ಅವ್ವ.
ಎದೆಯ ಬಲಗಡೆ ನೀರು; ಎರಡು ಲೀಟರು ತೆಗೆದರು.
"ನಮ್ಮ ನಳಕ್ಕಿಂತ ಛಲೋ ಬಂತಲ್ಲ," ಅಂದಳು.
ಮೆಸೊಥೆಲಿಯೋಮಾ, ಎಂದರು ತಾರಾಪೋರ್ ಡಾಕ್ಟರು.
"ಯಾವುದೋ ಕಿರಿಸ್ತಾನರ ಹುಡಿಗಿ ಹೆಸರಿದ್ದಾಂಗ ಐತಿ."
ಕಾರ್ಖಾನೆಯಲ್ಲಿ ಎಷ್ಟು ವರ್ಷ ದುಡಿದಿರಿ?
"ನಾ ಯಾಕ ದುಡೀಲಿ? ನಾ ಬರೇ ಅರಿವಿ ಒಗದೀನ್ರಿ."
ಹಿಂದಿಗೆ ತಿರುಗಿಸಿ ಹೇಳಿದೆ.
ಡಾಕ್ಟರ ಪೆನ್ನು ಕಾಗದದ ಮೇಲೆ ಅಲ್ಲೇ ನಿಂತಿತು.

ಪರಿಹಾರದ ಅರ್ಜಿಯಲ್ಲಿ ನೌಕರನ ಸಂಖ್ಯೆ ಕೇಳಿದ್ದರು.
ಇಪ್ಪತ್ತೆರಡು ವರ್ಷ, ವಾರಕ್ಕೆ ಆರು ಅಂಗಿ,
ಒಗೆದವಳಿಗೆ ಸಂಖ್ಯೆ ಎಲ್ಲಿಯದು?
ಅಪ್ಪನದನ್ನು ಬರೆದು ಕೆಳಗೆ 'ಹೆಂಡತಿ' ಅಂದೆ.
ಹದಿನೇಳು ದಿನಕ್ಕೆ ವಾಪಸು ಬಂತು,
ಆ ಪದಕ್ಕೆ ಕೆಂಪು ಸುತ್ತು.

ಅವಳ ಮೇಲಿನ ಸೇವಂತಿಗೆ ಎರಡೇ ದಿನಕ್ಕೆ ಮಣ್ಣಾಗಿರಬೇಕು.
ಒಳಗಿನ ಎಳೆ ಇನ್ನೂ ಹಾಗೇ ಇದ್ದೀತು.
ಮಾಸ್ತರೇ, ಹೂವಿನಿಂದ ನಾರು ಎಲ್ಲಿಗೆ ಸೇರಿತೋ ಗೊತ್ತಿಲ್ಲ,
ನಾರಿನಿಂದ ಹೂವು ಹೋಯಿತು.

ಮೂವತ್ತು ವರ್ಷ, ನಲವತ್ತು ವರ್ಷ
ಏನೂ ಮಾಡದೆ ಕೂತಿರುತ್ತದಂತೆ ಅದು.
ನನಗೀಗ ನಲವತ್ತೊಂಬತ್ತು.
ಪ್ರತಿ ಶ್ರಾವಣಕ್ಕೆ ಎಕ್ಸ್‌ರೇ ತೆಗೆಸಿ
ಕಿಟಕಿಗೆ ಹಿಡಿದು ನೋಡುತ್ತೇನೆ, ಓದಲು ಬಾರದಿದ್ದರೂ.
ಆ ಕೌದಿ ಎಲ್ಲಿ ಹೋಯಿತೆಂದು ಅಣ್ಣನನ್ನು ಕೇಳಿಲ್ಲ.

ನಿನ್ನೆ ಹಿಂದಿನ ಚಾಳು ಕೆಡವುತ್ತಿದ್ದರು.
ಹುಡುಗನೊಬ್ಬ ಹಳೆ ಸಿಮೆಂಟ್ ಪತ್ರಾಗಳನ್ನು ಸುತ್ತಿಗೆಯಿಂದ
ಒಡೆಯುತ್ತಿದ್ದ, ಬಾಯಿಗೆ ಕರ್ಚೀಫು.
ಬಕೇಟು ಹಿಡಿದು ಮೂರು ಮಹಡಿ ಇಳಿದೆ.
ಒಡೆಯಬೇಡ, ಇಡಿಯಾಗಿ ಇಳಿಸು. ಮೊದಲು ನೀರು ಹಾಕು.
"ಬರೀ ಪತ್ರಾ ಇದು, ಮೌಸಿ," ಎಂದು ನಕ್ಕ.
ಅಂಗಿ ಇಲ್ಲೇ ತೊಳೆ, ಮನೆಗೆ ಒಯ್ಯಬೇಡ.
ಒಯ್ದರೂ ಕೊಡವಬೇಡ ಅಂತ ಹೇಳು.
"ಯಾರಿಗೆ?"
ಯಾರು ಒಗೆಯುತ್ತಾರೋ ಅವರಿಗೆ.
"ತಂಗಿ," ಅಂದ.
ಸ್ವಲ್ಪ ಹೊತ್ತಿಗೆ ಸುತ್ತಿಗೆ ಕೆಳಗಿಟ್ಟ.
ಊಟದ ಸಮಯವೂ ಆಗಿತ್ತು,
ಅದಕ್ಕೂ ಇರಬಹುದು.