ಎರಡನೇ ಬೆರಳು

ಭಾಲ್ಕಿಯ ದತ್ತು ಅದನ್ನು ಚಾದರದಲ್ಲಿ ಸುತ್ತಿ ತಂದ,
ಬಸ್ಸಿನಲ್ಲಿ ಅದಕ್ಕೂ ಒಂದು ಟಿಕೆಟು.
"ಅಣ್ಣಾ, ಮೊದಲನೇ ಸ್ವರ ಛಲೋ ಹೊಡಿತದ,
ಬೆನ್ನಿಗೇ ಒತ್ತಿದ್ದು ಹೊಡಿವಲ್ದು.
ಮದಿಮಗ ಕುದುರಿ ಏರೋ ಹೊತ್ತಿಗೇ ಮರ್ಯಾದಿ ಹೋಯ್ತು."

ಬೀದರಿನ ಚೌಬಾರಾದ ಹಿಂದೆ, ಗಲ್ಲಿಯಲ್ಲಿ ನನ್ನ ಅಂಗಡಿ.
ಮೂರು ಮಿಕ್ಸಿ, ಮಸೀದಿಯ ಆಂಪ್ಲಿಫೈಯರು,
ಯಾರೂ ಒಯ್ಯಲು ಬಾರದ ಟೇಬಲ್ ಫ್ಯಾನು,
ಸರಿಸಿ ಜಾಗ ಮಾಡಿದೆ.
ತಿರುಪು ಬಿಚ್ಚಲಿಲ್ಲ. ಸುಮ್ಮನೆ ಒತ್ತಿ ನೋಡಿದೆ.

ಹಳೆಯ ಸಿಂಥಸೈಜರು. ಗಂಟಲು ಒಂದೇ.
ಹತ್ತು ಬೆರಳಿಟ್ಟರೂ ಒಂದನ್ನೇ ಹಾಡುತ್ತದೆ,
ಕೊನೆಗೆ ಬಂದವನ ಮಾತೇ ಕೇಳುವ ಪಂಚನಂತೆ.
ಸಾ ಒತ್ತಿದರೆ ದನಿ ಎದೆಯುಬ್ಬಿಸಿ ಏಳುತ್ತದೆ,
ತುಸು ಕುಸಿದು ಒಂದೆತ್ತರಕ್ಕೆ ನಿಲ್ಲುತ್ತದೆ,
ಬೆರಳೆತ್ತಿದರೆ ಮೆಲ್ಲಗೆ ಆರುತ್ತದೆ.
ಈ ಏರಿಳಿತದ ಹೆಸರು ಎನ್ವಲಪ್.
ಕಲಿಯುವಾಗ ನಾನು ಲಕೋಟೆ ಎಂದೇ ತಿಳಿದಿದ್ದೆ:
ಒಳಗೆ ಸ್ವರ, ಹೊರಗೆ ವಿಳಾಸ.

ಸಾ ಬಿಡದೆ ಪಾ ಒತ್ತಿದೆ.
ಪಾ ಬಂತು, ಬಾಗಿಲು ತಟ್ಟಲಿಲ್ಲ.
ಸಾ ನಿಂತಿದ್ದ ಎತ್ತರದಲ್ಲೇ ನಿಂತು
ಸಾ ತೊಟ್ಟಿದ್ದ ಅಂಗಿಯಲ್ಲೇ ಹಾಡಿತು.
ಪಾ ಬಿಟ್ಟೆ. ಅಡಿಯಲ್ಲಿ ಹಿಡಿದೇ ಇದ್ದ ಸಾ
ಎಲ್ಲಿಗೂ ಹೋಗಿರಲೇ ಇಲ್ಲವೆಂಬಂತೆ ಮರಳಿತು.

"ಕೆಟ್ಟಿಲ್ಲಪ್ಪ ಇದು," ಅಂದೆ. ಅಂದು ಸುಮ್ಮನಾದೆ.

ಆ ವರ್ಷ ಈಸ್ಟರ್ ಕಳೆದ ವಾರ
ಅಣ್ಣ ಸುಧೀರ ಹೋದ. ಮೂವತ್ತೊಂಬತ್ತು.
ಮಂಗಲಪೇಟೆಯ ನಮ್ಮ ಓಣಿಗೆ ಓಣಿಯೇ ಎದೆ ಬಡಿದುಕೊಂಡಿತು.
ಒಂಬತ್ತನೇ ದಿನ ಸಲೋಮಿ ಚಿಕ್ಕಮ್ಮ,
ಬಂದವರಿಗೆ ಚಹಾ ಸೋಸುತ್ತಿದ್ದವಳು,
ಸೋಸುಕ ಕೈಯಲ್ಲಿದ್ದಂತೆಯೇ ಗೋಡೆಗೊರಗಿ ಹೋದಳು.
ಯಾರೂ ಹೊಸದಾಗಿ ಕೂಗಲಿಲ್ಲ.
ಅಳು ಆಗಲೇ ನಡೆದಿತ್ತು, ಬರೀ ಹೆಸರು ಬದಲಾಯಿತು.
ಅದೇ ಶಾಮಿಯಾನ, ಅದೇ ಕೆಂಪು ಕುರ್ಚಿ,
ಪಾದ್ರಿಯ ಪುಸ್ತಕದಲ್ಲಿ ರಿಬ್ಬನ್ನೂ ಅದೇ ಪುಟಕ್ಕೆ.
ಟೆಂಟಿನ ಮಗ್ದೂಮ್ ಸಾಬರು ಎರಡನೇ ಬಾಡಿಗೆ ಮುಟ್ಟಲಿಲ್ಲ:
"ಹಗ್ಗನೇ ಬಿಚ್ಚಿಲ್ಲ, ಯಾವ ಬಾಯಿಲೆ ಕೇಳ್ಲಿ?"
ಅದು ಅವರ ದೊಡ್ಡತನ.
ಮಣ್ಣು ಕೊಟ್ಟು ಬಂದ ಸಂಜೆಯೇ ಮಾತು ಮತ್ತೆ
ಸುಧೀರನ ಕಡೆ ಹೊರಳಿತು, ಅವನ ಲೋನು, ಅವನ ಎರಡು ಕೂಸು.

ಸಂಡೇ ಸ್ಕೂಲಿನ ಹಾರ್ಮೋನಿಯಂ ಮೇಲೆ
ನನ್ನ ಬೆರಳು ಹಿಡಿದು ಇಟ್ಟವಳು ಅವಳು.
"ಒಂದು ಎತ್ತೋಕಿಂತ ಮೊದ್ಲೇ ಇನ್ನೊಂದು ಇಡು ಮಗಾ,
ಇಲ್ಲಂದ್ರ ಹಾಡಿನಾಗ ತೂತು ಬೀಳ್ತದ."
ಹಾಗೇ ಹೋದಳು, ತೂತು ಬೀಳದಂತೆ.

"ಅಣ್ಣಾ?"

ಯಂತ್ರದ ಬೆನ್ನಿಗೊಂದು ಪುಟ್ಟ ಸ್ವಿಚ್ಚು, ಮೇಲೆ ಮದುವೆಮನೆಗಳ ಧೂಳು.
ಈಕಡೆ ಇದ್ದರೆ ಸ್ವರಕ್ಕೆ ಸ್ವರ ಹೊಲಿದುಕೊಂಡು ಹೋಗುತ್ತದೆ,
ಆಕಡೆ ಇದ್ದರೆ ಪ್ರತಿ ಬೆರಳಿಗೂ ತನ್ನದೇ ಹುಟ್ಟು.
"ಕುಣಿಯೋರಿಗೆ ಆಕಡೆ. ಹುಡುಗೀನ ಕಳಸೋ ಹೊತ್ತಿಗೆ ಈಕಡೆ.
ತಿಳೀತೇನು?"
ಕೆಲವು ಯಂತ್ರ ಮೊದಲಿನದನ್ನು ಸೊನ್ನೆಗೆ ಕೆಡವಿ
ಎರಡನೆಯದನ್ನು ಎಬ್ಬಿಸುತ್ತವೆ, ನಡುವೆ ಟಕ್ ಎಂದು ಏನೋ ಮುರಿಯುತ್ತದೆ.
ಇದು ಹಾಗಲ್ಲ. ಸಾ ಎಷ್ಟೆತ್ತರದಲ್ಲಿದೆಯೋ
ಅಲ್ಲಿ ಕಾಲೂರಿಯೇ ಪಾ ಜಿಗಿಯುತ್ತದೆ.

ದತ್ತು ಚಾದರ ಮಡಿಸತೊಡಗಿದ್ದ.
ಒಂದು ನಿಮಿಷ ಇರು, ಅಂದೆ.
ಸಾ ಒತ್ತಿದೆ. ಬಿಡಲಿಲ್ಲ.
ಏರಿ, ಕುಸಿದು, ನಿಲ್ಲುವವರೆಗೂ ಕಾದೆ.
ಆಮೇಲೆ, ಹನ್ನೊಂದು ವರ್ಷ ತಡವಾಗಿ,
ಎರಡನೇ ಬೆರಳು.

"ಹಾಂ," ಅಂದ ದತ್ತು, "ಈಗ ಹೊಡೀತು ನೋಡ್ರಿ."