ಬಣ್ಣದ ಕಾಲಂ

ಶಿಡ್ಲಘಟ್ಟದಿಂದಾಚೆ ಹದಿನಾಲ್ಕು ಕಿಲೋಮೀಟರು,
ಕೆರೆ ಏರಿಯ ಕೆಳಗೆ ಅಕ್ಕಯ್ಯಮ್ಮನ ಹಿಪ್ಪುನೇರಳೆ.
ಎರಡು ವರ್ಷದಿಂದ ಕೆರೆ ಇಳಿದಿಲ್ಲ.
ಎಲೆ ಹಳದಿ. ರೇಷ್ಮೆಹುಳು ಮೂಸಿ ಮುಖ ತಿರುಗಿಸುತ್ತದಂತೆ.

ಮೊದಲ ಗೇಣು ಕೆಂಪು,
ಈ ಸೀಮೆಯ ಗೋಡೆಗೆ, ಗೊರಸಿಗೆ, ಒಗೆದ ಪಂಚೆಯ ಅಂಚಿಗೆ
ಮೆತ್ತಿಕೊಂಡೇ ಇರುವ ಕೆಂಪು.
ಆಮೇಲೆ ಗುದ್ದಲಿಯ ದನಿಯೇ ಬದಲು:
ಖಣ್ ಅನ್ನುತ್ತಿದ್ದದ್ದು ಚಪ್ ಅಂದಿತು.
ಮೇಲೆ ಬಂದದ್ದು ಬೂದು, ನೀಲಿ ಬೆರೆತ ಬೂದು,
ಜೊತೆಗೊಂದು ನಾತ, ಮರಿಯಾಗದ ಮೊಟ್ಟೆಯದು.

"ನಮ್ಮ ಮಣ್ಣಲ್ಲ ಇದು," ಅಂದಳು ಅಕ್ಕಯ್ಯಮ್ಮ.
"ಯಾರೋ ರಾತ್ರಿ ತಂದು ಹೂತವ್ರೆ."

ನಾನು ಬಣ್ಣದ ಪುಸ್ತಕ ತೆರೆದೆ.
ಹಾಳೆಹಾಳೆಗೂ ಕಿಟಕಿ; ಕಿಟಕಿಯ ಹಿಂದೆ ಹೆಂಟೆ ಹಿಡಿದು
ಹೊಂದಿಸಿ ಬರೆಯುವುದು, ಅದಕ್ಕೇ ನನಗೆ ಸಂಬಳ.
ಬೂದಿನ ಹಾಳೆ ಹುಡುಕುವಷ್ಟರಲ್ಲಿ
ಅಂಗೈಯ ಹೆಂಟೆ ಅಂಚಿನಲ್ಲಿ ಕಂದಿತು.
ಸೂಜಿಮೊನೆಯಷ್ಟು ಮೊದಲು. ಆಮೇಲೆ ಹುರಿದ ರಾಗಿ.
ಟೀ ಲೋಟ ಖಾಲಿಯಾಗುವ ಹೊತ್ತಿಗೆ ಹೊರಮೈಯೆಲ್ಲ ತುಕ್ಕು.
ಮುರಿದೆ: ಒಳಗಿನ್ನೂ ನೀಲಿ.

ಗಾಳಿ, ಎಂದೆ. ನೀರು ನಿಂತರೆ ಗಾಳಿಗೆ ದಾರಿಯಿಲ್ಲ,
ಒಳಗಿನ ಸಣ್ಣ ಜೀವಗಳು ಬೇರೇನೂ ಸಿಗದೆ
ಕಬ್ಬಿಣದ ತುಕ್ಕನ್ನೇ ಉಸಿರಾಡುತ್ತವೆ,
ಕೆಂಪು ಕರಗಿ ನೀರಿನ ಜೊತೆ ಹೊರಟು...
ಅವಳು ಕೇಳಿಸಿಕೊಳ್ಳಲಿಲ್ಲ. ಗುಂಡಿಗೆ ಇಳಿದಿದ್ದಳು.

ಬೂದು ಗೋಡೆಯಲ್ಲಿ ಒಂದು ಕೆಂಪು ಗೆರೆ.
ಉಗುರಿಂದ ಕೆರೆದಳು. ಗೆರೆಯಲ್ಲ, ಕೊಳವೆ:
ಹುಲ್ಲುಕಡ್ಡಿಯ ದಪ್ಪ, ನಡುವೆ ಟೊಳ್ಳು, ಸುತ್ತ ತುಕ್ಕಿನ ಚರ್ಮ.
"ಬತ್ತದ ಬೇರು. ನಮ್ಮತ್ತೆ ಕಾಲದ್ದು.
ಆಗ ಇದು ಗದ್ದೆ."

ಬೇರು ಯಾವತ್ತೋ ಕೊಳೆತು ಹೋಗಿದೆ.
ಎಲೆಯಿಂದ, ದಂಟಿನ ಟೊಳ್ಳಿನಿಂದ
ಅದು ಇಳಿಸಿಕೊಂಡ ಗಾಳಿ
ಕೆಸರಿಗೆ ಸೋರಿದ್ದು ಇಷ್ಟೇ ಇಷ್ಟು.
ಅಷ್ಟೂ ಇಲ್ಲಿದೆ.

ಏರಿ ಮೇಲಿಂದ ನೀರುಗಂಟಿ ಬಚ್ಚಪ್ಪ ಇಳಿದು ಬಂದ,
ಗುಂಡಿಯೊಳಗೆ ಇಣುಕಿದ, ಮೂಸಿದ, ಪಕ್ಕಕ್ಕೆ ಉಗಿದ.
"ಇಲ್ಲೊಂದು ಬಸಿಗಾಲುವೆ ಇತ್ತಲ್ಲ, ಯಾರು ಮುಚ್ಚಿದ್ದು?"
ಅಕ್ಕಯ್ಯಮ್ಮ ತಲೆ ಎತ್ತಲಿಲ್ಲ.
"ನಾನೇ. ನಾಲ್ಕು ಸಾಲು ಗಿಡ ಹೆಚ್ಚಾಗಲಿ ಅಂತ."

ನನ್ನ ಹಾಳೆಯಲ್ಲಿ ಬಣ್ಣದ ಕಾಲಂ ಖಾಲಿ.
ಬೂದು ಬರೆದೆ, ಹೊಡೆದು ಹಾಕಿದೆ, ಕಂದು ಬರೆದೆ,
ಕೊನೆಗೆ ಎರಡನ್ನೂ ಉಳಿಸಿ ಪಕ್ಕದಲ್ಲಿ ಗಂಟೆ ಬರೆದೆ:
ಹತ್ತೂ ಹತ್ತು. ಹತ್ತೂವರೆ.

ಅಷ್ಟರಲ್ಲಿ ಅವಳ ಗುದ್ದಲಿ ಹೊಲದ ಅಂಚಿಗೆ ಹೋಗಿ
ಹಳೆಯ ಕಾಲುವೆ ಹುಡುಕುತ್ತಿತ್ತು,
ಅಲ್ಲೊಮ್ಮೆ ಖಣ್,
ಇಲ್ಲೊಮ್ಮೆ ಚಪ್.