ಚಳಿ ಜೋಫಿಯಾ ದಾಟುವ ತನಕ

ಮೇ ಹತ್ತಕ್ಕೇ ನೆಟ್ಟೆ. ತಪ್ಪು ನನ್ನದೇ.
ವೂಚ್ ಊರಿನ ಟ್ರಾಮಿನ ಗಾಜಿನ ಹಿಂದೆ
ಬೆನ್ನು ಬೆವರುವಷ್ಟು ಬಿಸಿಲಿತ್ತು ಆ ವಾರ.
ಹುಡುಗರು ಕೋಟು ಕಳಚಿ ಹೆಗಲಿಗೆ ಹಾಕಿಕೊಂಡು ಹತ್ತುತ್ತಿದ್ದರು.
ನನ್ನ ಅಡುಗೆಮನೆ ಕಿಟಕಿಯಲ್ಲಿ ಹನ್ನೆರಡು ಟೊಮೇಟೊ ಸಸಿ
ಮೊಸರಿನ ಡಬ್ಬಿಗಳಿಂದ ಕತ್ತು ಚಾಚಿ
ಯಾವಾಗ, ಯಾವಾಗ ಅನ್ನುತ್ತಿದ್ದವು.

ಪಕ್ಕದ ತೋಟದ ಝೆನೊನ್ ಬೇಲಿಗೆ ಮೊಣಕೈ ಊರಿ ಹೇಳಿದ:
"ಮೂವರು ಹಿಮದ ಸಂತರು ಇನ್ನೂ ದಾರಿಯಲ್ಲಿದ್ದಾರೆ, ಒತೀಲಿಯಾ.
ಪಂಕ್ರಾತ್ಸಿ, ಸೆರ್ವಾತ್ಸಿ, ಬೊನಿಫಾತ್ಸಿ.
ಅವರ ಬೆನ್ನಿಗೇ ಹದಿನೈದಕ್ಕೆ ಚಳಿ ಜೋಫಿಯಾ.
ಆಕೆ ದಾಟಲಿ, ಆಮೇಲೆ ನೆಡು."
ನಕ್ಕೆ. ವೇಳಾಪಟ್ಟಿಯಲ್ಲಿ ಬದುಕುವವಳು ನಾನು,
ಸಂತರಿಗೆ ನಿಲ್ದಾಣವಿಲ್ಲ ನನ್ನ ದಾರಿಯಲ್ಲಿ ಅಂದೆ.

ಹದಿನಾಲ್ಕರ ರಾತ್ರಿ ಆಕಾಶ ತೊಳೆದಿಟ್ಟ ತಟ್ಟೆ.
ಬೆಳಗ್ಗೆ, ಮೊದಲ ಪಾಳಿಗೂ ಮುಂಚೆ,
ಗೇಟಿನ ಚಿಲಕ ಬೆರಳಿಗೆ ಅಂಟಿತು.
ಒಳಗೆ
ಹನ್ನೊಂದು ಸಸಿ
ಬೇಯಿಸಿದ ಸೊಪ್ಪಿನಂತೆ ಕರ್ರಗೆ ಜೋತಿದ್ದವು.
ಮುಟ್ಟಿದರೆ ನೀರು.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂತಾರಲ್ಲ,
ಇದು ಕೈಗೂ ಬಂದಿರಲಿಲ್ಲ.
ಆದರೂ ಮನಸ್ಸಿನಲ್ಲೇ ಎಷ್ಟು ಸಲ ಹೆಚ್ಚಿದ್ದೆ,
ಈರುಳ್ಳಿ ಬೆರೆಸಿ, ಹುಳಿಕೆನೆ ಸುರಿದು, ಉಪ್ಪು ನೋಡಿದ್ದೆ!

ಹನ್ನೆರಡನೆಯದು ಉಳಿದದ್ದು ಯಾರ ಜಾಣತನದಿಂದಲೂ ಅಲ್ಲ.
ಝೆನೊನ್‌ನ ಮೊಮ್ಮಗಳು ಕಲೀನಾ
ಕಪ್ಪೆ ಹಿಡಿಯಲೆಂದು ಬೋರಲು ಹಾಕಿದ ತಗಡಿನ ಬಕೆಟ್ಟನ್ನು
ಮರೆತು ಅಲ್ಲೇ ಬಿಟ್ಟಿದ್ದಳು.
ಎತ್ತಿದೆ.
ಸಸಿ ಹಸಿರಾಗಿ, ಒಂಚೂರು ಮುನಿಸಿಕೊಂಡು. ಪಕ್ಕದಲ್ಲಿ ಕಪ್ಪೆ.
ಎರಡೂ ನನ್ನನ್ನು ನೋಡಿದ ರೀತಿ
ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದ ಪ್ರಯಾಣಿಕರದು.

ಝೆನೊನ್ "ಹೇಳಿರಲಿಲ್ಲವಾ" ಅನ್ನಲಿಲ್ಲ. ಅದೇ ಕಷ್ಟ.
ಮರುದಿನ ಗೇಟಿನ ಬಳಿ ಆರು ಸಸಿ,
ಹಳೇ ಪತ್ರಿಕೆಯಲ್ಲಿ ಬುಡ ಸುತ್ತಿದವು. ಚೀಟಿಯಿಲ್ಲ.
ಕೆಂಪೋ ಹಳದಿಯೋ, ಆಗಸ್ಟ್ ಹೇಳಬೇಕು.

ಜೂನ್ ಮಳೆಯ ಜೊತೆಗೇ ಬಂತು,
ಮಳೆಯ ಜೊತೆಗೆ ಚಿಪ್ಪಿಲ್ಲದ ಬಸವನಹುಳುಗಳು.
ಒಂದೇ ರಾತ್ರಿಯಲ್ಲಿ ಲೆಟ್ಯೂಸ್ ಸಾಲಿಗೆ ಸಾಲೇ
ನರಗಳ ನಕ್ಷೆಯಾಯಿತು.
ಬಟ್ಟಲಲ್ಲಿ ಬಿಯರ್ ಇಟ್ಟೆ, ಮುಳುಗಿ ಸಾಯಲೆಂದು.
ಝೆನೊನ್ ಬಗ್ಗಿ ಮೂಸಿ ನೋಡಿ
"ಇಷ್ಟು ಒಳ್ಳೆಯದನ್ನೇ?" ಅಂತ ನೊಂದುಕೊಂಡ.
ಮೂಲಂಗಿ ಮೇಲೆ ಕೆಂಪು, ಒಳಗೆ ಬೆಂಡು.
ಪಿಯೋನಿ ಹೂಗಳು ಮಳೆ ಕುಡಿದು ತಲೆ ಭಾರವಾಗಿ
ಕೆಸರಿಗೆ ಮುಖವಿಟ್ಟು ಮಲಗಿದ್ದವು, ಮದುವೆಯ ಮರುದಿನದ ನೆಂಟರ ಹಾಗೆ.

ಬಟಾಣಿಯೊಂದು ಮಾತ್ರ ಮಾತು ಕೇಳಿತು.
ಡಿಪೋದಿಂದ ತಂದ ಹಳೇ ತಂತಿಗೆ ಬಳ್ಳಿಬೆರಳು ಸುತ್ತಿ
ಹತ್ತಿತು, ಹತ್ತಿತು, ನಾನು ನಿಂತರೂ ನಿಲ್ಲಲಿಲ್ಲ.
ಆಮೇಲೆ ಒಂದು ಮಂಗಳವಾರ, ಎಲೆಯಡಿ, ಮೊದಲ ಸ್ಟ್ರಾಬೆರಿ.
ಮೇಲಿಂದ ನೋಡಿದರೆ ತುಂಬು ಕೆಂಪು.
ತಿರುಗಿಸಿದೆ: ಅರ್ಧ ಯಾರೋ ತಿಂದಾಗಿತ್ತು.
ಎಂಜಲೆಂದು ಎಸೆಯಲಿಲ್ಲ.
ಅಲ್ಲೇ ಮಂಡಿಯೂರಿ ಉಳಿದರ್ಧ ತಿಂದೆ.
ಬಿಸಿಲಿಗೆ ಬೆಚ್ಚಗಿತ್ತು, ಹಲ್ಲಿಗೆ ಒಂದಿಷ್ಟು ಮಣ್ಣು ಸಿಕ್ಕಿತು.
ಅದರ ಬಗ್ಗೆ ಹೆಚ್ಚು ಹೇಳಲಾರೆ.

ಇವತ್ತು ಕೊನೆಯ ನಿಲ್ದಾಣದಲ್ಲಿ ಬುತ್ತಿ ತೆರೆದರೆ
ರೊಟ್ಟಿಯ ಪಕ್ಕದ ಸೊಪ್ಪಿನ ಮೇಲೆ
ಅವನೇ: ಕಿರುಬೆರಳಷ್ಟು, ಕಿತ್ತಳೆ ಬಣ್ಣ, ಕೊಂಬು ಚಾಚಿ.
ಹದಿನೇಳು ನಿಲ್ದಾಣ ಬಿಟ್ಟಿ ಪ್ರಯಾಣ.
ತೋಟದಲ್ಲಾಗಿದ್ದರೆ ಕತ್ತರಿಯಿತ್ತು.
ಇಳಿದು, ಹಳಿಯಾಚೆ ಹುಲ್ಲಿನಲ್ಲಿ ಬಿಟ್ಟು ಬಂದೆ,
ಇದು ನನ್ನ ಲೆಟ್ಯೂಸ್ ಅಲ್ಲವಲ್ಲ.
ಗಂಟೆ ಬಾರಿಸಿದೆ. ಎರಡು ನಿಮಿಷ ತಡ.